ಇಂಚಿನ ನಟ್ಟು, ಮಿಲಿಮೀಟರಿನ ಬೋಲ್ಟು

ತರೀಕೆರೆಯ ಸಾಹುಕಾರರ ಮನೆಗೆ ಆ ಕಾರು ಬಂದ ಕಾಲದಲ್ಲೇ ನಮ್ಮ ಕಡೂರಿನ ಸಂತೆಗೆ ಕಿಲೋ ಬಂದಿತ್ತು. ಸೇರು ಪೂರ್ತಿ ಹೋಗಿರಲಿಲ್ಲ, ಕಿಲೋ ಪೂರ್ತಿ ಬಂದಿರಲಿಲ್ಲ. ಸಿಂಗಟಗೆರೆ ಕಡೆಯ ಮುದುಕಿಯರು ಹೊಸ ತೂಕದ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು, "ಇದ್ರಲ್ಲಿ ನಮ್ಗೆ ಎಷ್ಟು ಹೊಡೀತೀಯ ಅದನ್ನ ಮೊದ್ಲು ಹೇಳ್ಬಿಡಪ್ಪ" ಎಂದು ಅಂಗಡಿಯವನನ್ನು ದಬಾಯಿಸುತ್ತಿದ್ದರು. ನಾನು ನಿಂತು ನೋಡಿ ನಗುತ್ತಿದ್ದೆ. ಅಳತೆಯ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬ ಜಂಬ ನನ್ನದು. ಆ ಜಂಬ ಒಂದೂವರೆ ದಿನದಲ್ಲಿ ಹೇಗೆ ಇಳಿಯಿತು, ಆ ಒಂದೂವರೆ ದಿನ ನಾನು ಹೇಗೆ ಹೆದರಿ ಸತ್ತೆ ಎಂಬುದನ್ನು ಹೇಳುತ್ತೇನೆ.

ನಾನು ಯಗಟಿಯವನು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟೆ. ಬೀರೂರಿನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿದೆ, ಲಾರಿಯಲ್ಲಿ ಕ್ಲೀನರಾದೆ, ಕೆಟ್ಟು ನಿಂತ ಲಾರಿಯ ಕೆಳಗೆ ಮಲಗಿಯೇ ಕೆಲಸ ಕಲಿತೆ. ಇಪ್ಪತ್ತೆಂಟು ವರ್ಷಕ್ಕೆ ಕಡೂರಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೇ ತಗಡಿನ ಶೆಡ್ಡು ನಿಂತಿತ್ತು. ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಆದರೆ ಯಾವ ಇಂಜಿನ್ನು ಕೆಮ್ಮಿದರೂ ಯಾಕೆ ಕೆಮ್ಮುತ್ತಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಜನ 'ಮೇಸ್ತ್ರಿ' ಎಂದು ಕರೆದರೆ ಕುತ್ತಿಗೆ ತಾನೇ ನೆಟ್ಟಗಾಗುತ್ತಿತ್ತು.

ಸಾಹುಕಾರರದು ಕೊಬ್ಬರಿ, ಕಡಲೆಕಾಯಿಯ ದೊಡ್ಡ ಮಂಡಿ. ಮಠಕ್ಕೆ ನಡೆದುಕೊಳ್ಳುವ ಮನೆತನ. ಅವರು ತಂದ ಕಾರು ಕಪ್ಪು ಬಣ್ಣದ್ದು. ಒಳಗೆ ಕೆಂಪು ಚರ್ಮದ ಸೀಟು, ನಾಲ್ಕು ಬಾಗಿಲು, ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದಂಥ ಸದ್ದು. ಅಮಲ್ದಾರರ ಜೀಪು ಅದರ ಪಕ್ಕದಲ್ಲಿ ನಿಂತರೆ ಹೊಲದಿಂದ ಬಂದ ಆಳಿನ ಹಾಗೆ ಕಾಣುತ್ತಿತ್ತು. ಅದರ ಜೊತೆಗೆ ಬೊಂಬಾಯಿಯ ಕಂಪನಿಯಿಂದ ಒಬ್ಬ ಫಿಟ್ಟರೂ ಬಂದ, ಮೊದಲನೇ ಸರ್ವೀಸು ಮಾಡಿಕೊಡಲು. ಮಂಗಳೂರು ಕಡೆಯವನು. ಸಾಹುಕಾರರು ಅವನನ್ನು ನನ್ನ ಶೆಡ್ಡಿಗೇ ಕಳಿಸಿದರು, ಮುಂದೆ ಕಾರು ನೋಡಿಕೊಳ್ಳಬೇಕಾದವನು ನಾನೇ ಅಲ್ಲವೇ.

"ಇದು ಒಂದು ಊರಲ್ಲಿ ಹುಟ್ಟಿದ್ದಲ್ಲ ಮಾರಾಯ್ರೆ," ಎಂದ ಆ ಫಿಟ್ಟರು, ಬಾನೆಟ್ಟಿನ ಮೇಲೆ ಮೊಣಕೈ ಊರಿ. "ನಕ್ಷೆ ಇಂಗ್ಲೆಂಡಿಂದು. ಇಂಜಿನು ಅಲ್ಲಿಂದ ಮರದ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬರ್ತದೆ. ಒಂದೊಂದು ನಟ್ಟಿಗೂ ಗ್ರೀಸು ಬಳಿದ ಕಾಗದ ಸುತ್ತಿರ್ತಾರೆ, ಮದುವೆ ಲಾಡಿನ ಹಾಗೆ. ಹಿಂದಿನ ಆಕ್ಸೆಲ್ಲು ಜರ್ಮನಿಯವರದ್ದು. ಮುಂದಿನ ಚಕ್ರದ ಹಬ್ಬು, ಸ್ಪ್ರಿಂಗು ಇಂಗ್ಲೆಂಡಿನ ಅಳತೆಗೆ ನಮ್ಮಲ್ಲೇ ಮಾಡುದು. ವರ್ಷ ವರ್ಷ ನಮ್ಮ ಸಾಮಾನು ಜಾಸ್ತಿ ಆಗ್ಬೇಕು ಅಂತ ಸರ್ಕಾರದ ಹುಕುಂ."

"ಮತ್ತೆ ಜೋಡ್ಸೋದು?"

"ಉದ್ದ ಶೆಡ್ಡು, ನಿಮ್ಮ ಬೀರೂರು ಪ್ಲಾಟ್‌ಫಾರಮ್ಮಿನಷ್ಟು. ನೆಲದಲ್ಲಿ ಕಂಬಿ. ಈ ತುದಿಯಲ್ಲಿ ಬರೀ ತಗಡಿನ ಮೈ ಇಡ್ತಾರೆ. ಕೈಯಲ್ಲೇ ತಳ್ಳುದು. ಒಂದು ಗುಂಪಿನವರು ಆಕ್ಸೆಲ್ಲು ಕಟ್ತಾರೆ, ಮುಂದಿನವರು ಇಂಜಿನು ಇಳಿಸ್ತಾರೆ, ಅದರಾಚೆ ವೈರಿಂಗು, ಗಾಜು, ಸೀಟು. ಆ ತುದಿಯಲ್ಲಿ ಸ್ಟಾರ್ಟ್ ಮಾಡಿ ಓಡಿಸ್ಕೊಂಡು ಹೊರಗೆ ಹೋಗುದು. ನಡುವೆ ಇಂಗ್ಲೆಂಡಿನ ದೊರೆ ಇಂಚಿನ ಪಟ್ಟಿ ಹಿಡ್ಕೊಂಡು, ಜರ್ಮನಿ ದೊರೆ ಮಿಲಿಮೀಟರಿನ ಪಟ್ಟಿ ಹಿಡ್ಕೊಂಡು ದಿನಾ ಜಗಳ. ಇಬ್ಬರೂ ಬಿಡ್ಲಿಲ್ಲ. ಹಾಗಾಗಿ ಗಾಡಿಯೊಳಗೆ ಇಬ್ಬರದ್ದೂ ಉಂಟು. ಚಕ್ರ ಬಿಚ್ಚುವಾಗ ಮಾತ್ರ ನೀವು..."

"ಚಕ್ರ ಬಿಚ್ಚೋದನ್ನ ನಂಗೆ ಹೇಳ್ಕೊಡ್ಬೇಡಿ ಕಣ್ರೀ," ಎಂದೆ. "ನೀವಿನ್ನೂ ಬಾಲ್ವಾಡಿಲಿ ಇದ್ದಾಗ್ಲೇ ನಾನು ಲಾರಿ ಚಕ್ರ ಉರುಳಿಸ್ತಿದ್ದೆ."

ಅವನಿಗೆ ನನಗಿಂತ ನಾಲ್ಕು ವರ್ಷ ಹೆಚ್ಚೇ ಆಗಿತ್ತು. "ಆಯ್ತು ಮಾರಾಯ್ರೆ," ಎಂದು ನಕ್ಕು, ಸಿಗರೇಟು ಹಚ್ಚಿಕೊಂಡು, ಮಾತನ್ನು ಅಲ್ಲಿಗೇ ಬಿಟ್ಟ. ಆ ಅರ್ಧ ಮಾತು ಏನಾಗಿತ್ತು ಎಂದು ನನಗೆ ತಿಳಿದದ್ದು ಆಯುಧ ಪೂಜೆಯ ದಿನ.

ಪೂಜೆಯ ಹಿಂದಿನ ದಿನ ಸಾಹುಕಾರರ ಡ್ರೈವರು ಕಾರು ತಂದ. ಬಾಣಂತಿ ಮಗಳನ್ನೂ ಮೂರು ತಿಂಗಳ ಕೂಸನ್ನೂ ವಿಜಯದಶಮಿಯ ದಿನ ಅಜ್ಜಂಪುರಕ್ಕೆ, ಅವಳ ಗಂಡನ ಮನೆಗೆ ಬಿಡಬೇಕು. ಅಷ್ಟರಲ್ಲಿ ಬ್ರೇಕು ನೋಡಿ, ಚಕ್ರಕ್ಕೆಲ್ಲ ಗ್ರೀಸು ತುಂಬಿಸಿ ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ನಾನು ನಾಲ್ಕು ಚಕ್ರವನ್ನೂ ಬಿಚ್ಚಿ, ಕಾರನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಚಕ್ರದ ಮೇಲಿನ ಹೊಳೆಯುವ ಮುಚ್ಚಳವನ್ನು, ನಾವು ವೀಲ್ ಕಪ್ ಅನ್ನುತ್ತೇವೆ, ಅಂಗಾತ ಇಟ್ಟು ಆ ಚಕ್ರದ ಐದು ನಟ್ಟನ್ನು ಅದರಲ್ಲೇ ಹಾಕಿಡುವುದು. ಯಾವ ಚಕ್ರದ್ದು ಯಾವುದು ಎಂದು ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ಎಂದೂ ತಪ್ಪದ ಪದ್ಧತಿ. ಅವತ್ತು ತಪ್ಪಿತು, ದೇವರ ಹೆಸರಿನಲ್ಲಿ.

ಮಹಾನವಮಿಯ ಬೆಳಿಗ್ಗೆ ಶೆಡ್ಡಿನ ಸಾಮಾನೆಲ್ಲ ತೊಳೆಯುವುದು ವಾಡಿಕೆ. ಸ್ಪ್ಯಾನರು, ಸುತ್ತಿಗೆ, ಜಾಕಿ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ದೇವರ ಪಟದ ಮುಂದೆ ಜೋಡಿಸಬೇಕು. ನನ್ನ ಹೆಂಡತಿ ಬಂದವಳೇ ಆ ನಾಲ್ಕು ವೀಲ್ ಕಪ್ ನೋಡಿದಳು.

"ಅಯ್ಯೋ, ಬೆಳ್ಳಿ ತಟ್ಟೆ ಇದ್ದಂಗವೆ! ಇವನ್ನ ಹುಣಸೆಹಣ್ಣು ಹಾಕಿ ಬೆಳಗಿ ಕೊಡ್ತೀನಿ ಕಣ್ರೀ. ಸಾಹುಕಾರ್ರ ಮನೇಲಿ ಪೂಜೆಗೆ ನಿಂತಾಗ ಲಕಲಕ ಅನ್ಬೇಕು. ಒಳಗಿರೋ ನಟ್ಟು ಏನ್ಮಾಡ್ಲಿ?"

"ಬಾನಿಗೆ ಹಾಕು," ಎಂದೆ.

"ಎಲ್ಲಾ ಒಟ್ಟಿಗೇನಾ?"

"ನಟ್ಟಿಗೇನು ಕುಲಗೋತ್ರ ಇರುತ್ತೇನೇ? ಹಾಕು ಒಟ್ಟಿಗೆ."

ಹಾಗೆ ಹೇಳಿದವನು ನಾನೇ. ಇಪ್ಪತ್ತು ನಟ್ಟೂ ಸೀಮೆಎಣ್ಣೆಯ ಬಾನಿಯಲ್ಲಿ ಗಲಗಲ ಎಂದು ಬಿದ್ದವು.

ಹನ್ನೆರಡಾಗುವ ಹೊತ್ತಿಗೆ ಡ್ರೈವರು ಕಾಲು ಸುಟ್ಟ ಬೆಕ್ಕಿನ ಹಾಗೆ ಅಲ್ಲಿಂದಿಲ್ಲಿಗೆ ತಿರುಗತೊಡಗಿದ. "ಮೇಸ್ತ್ರೀ, ಮೂರು ಗಂಟೆಗೆ ಪೂಜೆ ಇಟ್ಕೊಂಡವ್ರೆ. ನಾನು ಹೋಗಿ ಬಾಳೆಕಂಬ ಬೇರೆ ಕಟ್ಬೇಕು. ನಿಮ್ಮ ಗ್ರೀಸು ಮುಂದಿನ ದಸರಾಕ್ಕೆ ಮುಗೀತದಾ?"

ನಾನು ಯಾವ ನಟ್ಟನ್ನೇ ಆಗಲಿ ಮೊದಲು ಮೂರು ಸುತ್ತು ಬೆರಳಲ್ಲೇ ಹಾಕುವವನು. ಬೆರಳಿಗೆ ಒಪ್ಪಿದರೆ ಆಮೇಲೆ ಸ್ಪ್ಯಾನರು. ಅವತ್ತು ಅವನ ಬಾಯಿ ಮುಚ್ಚಿಸಬೇಕೆಂದು ನಟ್ಟು ಇಟ್ಟವನೇ ಸ್ಪ್ಯಾನರು ಹಚ್ಚಿದೆ. ಮೊದಲು ಹಿಂದಿನ ಎರಡು ಚಕ್ರ. ಹತ್ತೂ ನಟ್ಟು ಸಲೀಸಾಗಿ ಕೂತವು. ಆಮೇಲೆ ಮುಂದಿನವು. ಅಲ್ಲಿ ಮೂರು ನಟ್ಟು ಏನು ಮಾಡಿದರೂ ಬೋಲ್ಟಿನ ಬಾಯಿಗೆ ಏರಲಿಲ್ಲ. ಒಳಗಿನ ತಿರುಪಿನ ಥ್ರೆಡ್ಡು ಕೆಟ್ಟಿರಬೇಕೆಂದು ಪಕ್ಕಕ್ಕೆ ಎಸೆದು, ನನ್ನ ಹಳೇ ಡಬ್ಬಿಯಿಂದ ಅರ್ಧ ಇಂಚಿನ ಮೂರು ತೆಗೆದು ಹಾಕಿದೆ. ಅವು ಕೂತವು. ವೀಲ್ ಕಪ್ಪುಗಳನ್ನು ಗುದ್ದಿ ಕೂರಿಸಿದೆ. ಕಾರು ಹೊಳೆಯುತ್ತಾ ತರೀಕೆರೆ ರಸ್ತೆ ಹಿಡಿಯಿತು.

ಪೂಜೆಗೆ ಮುಂಚೆ ಶೆಡ್ಡು ಗುಡಿಸುವಾಗ ಆ ಮೂರು ನಟ್ಟು ಕಾಲಿಗೆ ಸಿಕ್ಕವು. ಕೆಟ್ಟವನ್ನು ಗುಜರಿಗೆ ಹಾಕೋಣವೆಂದು ಎತ್ತಿಕೊಂಡು ಬೆಳಕಿಗೆ ಹಿಡಿದೆ. ಒಳಗಿನ ಥ್ರೆಡ್ಡು ಹೊಸದು, ಒಂದು ಗೀರೂ ಇಲ್ಲ. ನನಗೆ ಸೋಜಿಗವಾಯಿತು. ಅರ್ಧ ಇಂಚಿನ ಒಂದು ಬೋಲ್ಟು ತೆಗೆದು ಹಾಕಿ ನೋಡಿದೆ. ಏರಲಿಲ್ಲ. ಆಗ ಜರ್ಮನಿಯವರ ಜೊತೆ ಸೇರಿ ನಮ್ಮಲ್ಲಿ ಮಾಡುತ್ತಿದ್ದ ಲಾರಿಯ ಹಳೇ ಬೋಲ್ಟೊಂದು ಡಬ್ಬಿಯಲ್ಲಿತ್ತು, ಹನ್ನೆರಡು ಮಿಲಿಮೀಟರಿನದು. ಅದಕ್ಕೆ ಹಚ್ಚಿದೆ. ನಟ್ಟು ಎಣ್ಣೆ ಸವರಿದ ಹಾಗೆ ತುದಿಯಿಂದ ಬುಡದವರೆಗೆ ಓಡಿತು.

ಉಳಿದೆರಡನ್ನೂ ಹಚ್ಚಿ ನೋಡಿದೆ, ಅವೂ ಹಾಗೆಯೇ ಓಡಿದವು.

ಫಿಟ್ಟರು ಹೇಳಹೊರಟಿದ್ದು ಇದೇ. ಮುಂದಿನ ಚಕ್ರದ ಬೋಲ್ಟು ಇಂಚಿನ ಲೆಕ್ಕದ್ದು, ಹಿಂದಿನದು ಮಿಲಿಮೀಟರಿನ ಲೆಕ್ಕದ್ದು. ನಟ್ಟು ಹೊರಗಿನಿಂದ ಒಂದೇ ಗಾತ್ರ. ಒಂದೇ ಸ್ಪ್ಯಾನರು ಎರಡಕ್ಕೂ ಹಿಡಿಯುತ್ತದೆ. ಹಿಂದಿನ ಬೋಲ್ಟು ಉಗುರಿನ ದಪ್ಪದಷ್ಟು ಸಣ್ಣದು, ಅಷ್ಟೆ. ಹಿಂದಿನ ಮೂರು ನಟ್ಟು ನನ್ನ ಕೈಯಲ್ಲಿ ಉಳಿದಿವೆ ಎಂದರೆ, ಮುಂದಿನ ಮೂರು ದೊಡ್ಡ ನಟ್ಟು ಹಿಂದಿನ ಸಣ್ಣ ಬೋಲ್ಟಿನ ಮೇಲೆ ಕೂತಿವೆ. ಅವು ಬಿಗಿಯಾದ ಹಾಗೆ ನಟಿಸುತ್ತವೆ. ಥ್ರೆಡ್ಡಿನ ತುದಿ ತುದಿಯಲ್ಲಿ ಮಾತ್ರ ಕಚ್ಚಿಕೊಂಡಿರುತ್ತವೆ. ರಸ್ತೆಯ ಕುಲುಕಾಟಕ್ಕೆ ಆ ತುದಿಯೂ ಸವೆದರೆ ಕಳಚಿ ಬೀಳುತ್ತವೆ. ಎರಡು ಚಕ್ರಕ್ಕೂ ಹಂಚಿ ಬಿದ್ದಿದ್ದರೆ ಹೇಗೋ ಬದುಕು. ಮೂರೂ ಒಂದೇ ಚಕ್ರದಲ್ಲಿ ಇದ್ದರೆ? ಆ ಚಕ್ರವನ್ನು ಹಿಡಿದಿರುವುದು ಎರಡೇ ನಟ್ಟು. ನೆನಪು ಮಾಡಿಕೊಳ್ಳಲು ನೋಡಿದೆ. ಬಾನಿಯಿಂದ ಕೈಗೆ ಸಿಕ್ಕದ್ದನ್ನು ಹಾಕಿದವನಿಗೆ ಏನು ನೆನಪಿರುತ್ತದೆ.

"ಏನ್ರೀ, ಮುಖ ಹಿಂಗ್ ಬಿಳುಚಿಕೊಂಡೈತೆ?" ಎಂದಳು ಹೆಂಡತಿ. ನನ್ನ ಕೈಯಿಂದ ನಟ್ಟು ತೆಗೆದುಕೊಂಡು, ತಟ್ಟೆಯಲ್ಲಿಟ್ಟು, ಮೂರಕ್ಕೂ ಕುಂಕುಮ ಇಟ್ಟುಬಿಟ್ಟಳು.

ಆಗಲೇ ತರೀಕೆರೆಗೆ ಹೋಗಬಹುದಿತ್ತು. ನಾಲ್ಕೂವರೆಯ ಬಸ್ಸಿತ್ತು. ಹೋಗಲಿಲ್ಲ. ಪೂಜೆಗೆ ಇಟ್ಟದ್ದನ್ನು ಮರುದಿನ ಬೆಳಿಗ್ಗೆ ಮಂಗಳಾರತಿ ಆಗುವವರೆಗೂ ಕದಲಿಸಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ನಾನು ಅದರ ಹಿಂದೆ ಅಡಗಿ ಕೂತೆ. ನಾಳೆ ಬೆಳಿಗ್ಗೆವರೆಗೆ ಕಾರು ಬಾಳೆಕಂಬ ಕಟ್ಟಿಕೊಂಡು ನಿಂತಿರುತ್ತದಲ್ಲ, ಏನಾಗುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಇದ್ದದ್ದು ಸಾಹುಕಾರರ ಮನೆಯ ಬಾಗಿಲಲ್ಲಿ ನಿಂತು, ಬಂಧುಬಳಗದ ಎದುರು, 'ನಾನು ತಪ್ಪು ನಟ್ಟು ಹಾಕಿದೆ' ಅನ್ನುವುದಕ್ಕೆ. ಬೂದುಗುಂಬಳ ಒಡೆದೆ. ಬಂದವರಿಗೆ ಕಡ್ಲೆಪುರಿ ಹಂಚಿದೆ. ಆ ಕಡ್ಲೆಪುರಿ ನನ್ನ ಬಾಯಲ್ಲಿ ಮಾತ್ರ ಮರಳಿನ ಹಾಗೆ ಉಳಿಯಿತು. ಆ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಕಾರೊಂದು ಎಡಕ್ಕೆ ವಾಲುತ್ತಿತ್ತು.

ಬೆಳಗಾಗುತ್ತಲೇ, ಮಂಗಳಾರತಿಗೂ ಕಾಯದೆ, ತಟ್ಟೆಯಿಂದ ಮೂರು ನಟ್ಟು ಎತ್ತಿ ಜೇಬಿಗೆ ಹಾಕಿಕೊಂಡೆ. ಹೆಂಡತಿ ಒಲೆಯ ಮುಂದಿನಿಂದಲೇ ಕೂಗಿದಳು, "ರೀ, ಪೂಜೆ ಸಾಮಾನು! ಇನ್ನೂ ದೀಪ ಹಚ್ಚಿಲ್ಲ!"

"ದೀಪ ಹಚ್ಚೋಕೆ ಮನೇಲಿ ನೀನಾದ್ರೂ ಇದೀಯ," ಎಂದು ಓಡಿದೆ. ಅವಳಿಗೆ ಏನೂ ಹೇಳಿರಲಿಲ್ಲ.

ಶಿವಮೊಗ್ಗದ ಬಸ್ಸು ನಿಂತಿತ್ತು, ಹೊರಡುವ ಲಕ್ಷಣ ಇರಲಿಲ್ಲ. ಡ್ರೈವರು ಅದರ ಮೂತಿಗೆ ಸೇವಂತಿಗೆ ಹಾರ ಕಟ್ಟುತ್ತಿದ್ದ. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಡಬೇಕು, ಒಂದು ಹಣ್ಣು ಉರುಳಿ ಚರಂಡಿಗೆ ಬಿತ್ತು, ಇನ್ನೊಂದು ತರಲು ಕಂಡಕ್ಟರು ಹೋದ. ನಾನು ಆ ಚಕ್ರಗಳನ್ನೇ ನೋಡುತ್ತಾ ನಿಂತೆ. ಬೀರೂರಿನಲ್ಲಿ ಮತ್ತೆ ನಿಲ್ಲಿಸಿದರು, ಅಲ್ಲಿಯೂ ಯಾರೋ ಆರತಿ ಎತ್ತಿದರು. ಬಸ್ಸು ನಿಂತಾಗಲೆಲ್ಲ ನನ್ನ ಎದೆ ಓಡುತ್ತಿತ್ತು.

ತರೀಕೆರೆಯಲ್ಲಿ ಸಾಹುಕಾರರ ಮನೆಯ ಮುಂದೆ ಒದ್ದೆ ರಂಗೋಲಿ, ಒಡೆದ ಕುಂಬಳಕಾಯಿ, ಚಕ್ರದ ಗುರುತು. ಕಾರಿಲ್ಲ. ಅಂಗಳ ಗುಡಿಸುತ್ತಿದ್ದ ಹೆಂಗಸು ಪೊರಕೆ ಎತ್ತಿ ರಸ್ತೆ ತೋರಿಸಿದಳು. "ಈಗ್ತಾನೇ ಹೋದ್ರಪ್ಪ. ಅಪ್ಪ, ಮಗ್ಳು, ಕೂಸು. ಅಂತರಘಟ್ಟೇಲಿ ಅಮ್ಮನಿಗೆ ಹಣ್ಣುಕಾಯಿ ಮಾಡ್ಸಿ, ಕೂಸಿನ ತಲೆ ಮುಟ್ಟಿಸಿ, ಆಮೇಲೆ ಅಜ್ಜಂಪುರ. ಯಾಕೆ?"

"ಏನಿಲ್ಲಮ್ಮ," ಎಂದೆ. ಆಗಲೂ ಹಾಗೆಯೇ ಎಂದೆ.

ಹಬ್ಬದ ದಿನ, ಆ ಕಡೆಗೆ ಬಸ್ಸು ಹತ್ತು ಗಂಟೆಯ ಮೇಲೆ. ಪೆಟ್ರೋಲ್ ಬಂಕಿನ ಹತ್ತಿರ ನನಗೆ ಗುರುತಿನ ಲಾರಿ ಡ್ರೈವರೊಬ್ಬ ಹೊಸ ಪಂಚೆ ಉಟ್ಟು, ಹೂವಿನಲ್ಲಿ ಮುಚ್ಚಿಹೋದ ಲಾರಿಯ ಮುಂದೆ ನಿಂತಿದ್ದ. ಪೂಜೆಯಾದ ಗಾಡಿಯನ್ನು ಒಂದು ಸುತ್ತು ಓಡಿಸಿ ತರಬೇಕು ಎಂಬ ಪದ್ಧತಿ ಅವರಲ್ಲಿ.

"ಎಲ್ಲಾದ್ರೂ ಒಂದು ಸುತ್ತು ಹೋಗ್ಲೇಬೇಕಲ್ಲ, ಅಜ್ಜಂಪುರದ ಕಡೆ ಹೋಗೋ ಮಾರಾಯ," ಎಂದೆ.

"ಸುತ್ತು ಅಂದ್ರೆ ಕೆರೆ ಏರಿವರ್ಗೂ ಕಣೋ. ಅಜ್ಜಂಪುರಕ್ಕೆ ಡೀಸೆಲ್ಲು ನಿಮ್ಮಪ್ಪ ಹಾಕಿಸ್ತಾನಾ?" ಎಂದವನು ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಯಾಕಲೇ, ಯಾರಾದ್ರೂ ಹೋಗ್ಬಿಟ್ರಾ?"

"ಇನ್ನೂ ಇಲ್ಲ."

ಬೇರೆ ಮಾತಾಡದೆ ಅವನು ಬಾಗಿಲು ತೆಗೆದ. ಬಾಯಿಬಿಟ್ಟು ಹೇಳಿದ್ದು ಅವನಿಗೇ ಮೊದಲು. ಕೇಳಿ, "ಥೂ ನಿನ್ನ!" ಎಂದು ಗೇರು ಹಾಕಿದ. ಹಾಕಿದ್ದು ಎಂಥ ಗೇರೆಂದರೆ ಹೂವಿನ ಹಾರ ಅರ್ಧ ಕಿತ್ತು ಹಾರಿಹೋಯಿತು.

ಆ ರಸ್ತೆ ಆಗ ಬರೀ ಜಲ್ಲಿ. ಎರಡು ಕಡೆ ರಾಗಿ ಹೊಲ, ನಡುವೆ ಇಳಿಜಾರಿಗೊಂದು ಮೋರಿ. ಪ್ರತಿ ಮೋರಿ ಬಂದಾಗಲೂ ನಾನು ಕೆಳಗೆ ಇಣುಕುತ್ತಿದ್ದೆ, ಕಪ್ಪಗೆ ಏನಾದರೂ ಹೊಳೆಯುತ್ತದೆಯೇ ಎಂದು. ಒಂದು ತಿರುವಿನಲ್ಲಿ ಜನ ಗುಂಪುಗಟ್ಟಿ ನಿಂತದ್ದು ಕಂಡಿತು. ಹೆಂಗಸರು, ಗಂಡಸರು, ಎಲ್ಲರೂ ಬಗ್ಗಿ ಏನನ್ನೋ ನೋಡುತ್ತಿದ್ದರು. "ನಿಲ್ಸೋ, ನಿಲ್ಸೋ" ಎಂದು ಕೂಗಿದೆ. ಹತ್ತಿರ ಹೋದರೆ ಬನ್ನಿ ಮರ. ಬುಡಕ್ಕೆ ಅರಿಸಿನ ಕುಂಕುಮ ಹಾಕಿ ಕೈ ಮುಗಿಯುತ್ತಿದ್ದರು. ಒಬ್ಬ ಮುದುಕ ಲಾರಿಯ ಕಿಟಕಿಗೆ ಬಂದು ನನ್ನ ಕೈಗೆ ನಾಲ್ಕು ಬನ್ನಿ ಎಲೆ ಕೊಟ್ಟು, "ಬಂಗಾರ ತಗೊಳಪ್ಪ, ಒಳ್ಳೇದಾಗ್ಲಿ" ಎಂದ. "ಇತ್ಲಾಗೆ ಕರೀ ಕಾರು ಹೋಯ್ತಾ ಅಜ್ಜಾ?" ಎಂದು ಕೇಳಿದೆ. "ಹೋಯ್ತು, ಹೋಯ್ತು. ಯಾವ್ದೋ ಗಿಲಕಿ ಆಡಿಸ್ಕೊಂಡು ಹೋಯ್ತು," ಎಂದ. ಅದೇನೆಂದು ಆಗ ನನಗೆ ಅರ್ಥವಾಗಲಿಲ್ಲ.

ಅಂತರಘಟ್ಟೆಯ ಗುಡಿಯ ಮುಂದಿನ ಮರದ ನೆರಳಲ್ಲಿ ಕಾರು ನಿಂತಿತ್ತು. ನಾಲ್ಕು ಚಕ್ರದ ಮೇಲೆ, ನೆಟ್ಟಗೆ. ಲಾರಿ ಪೂರ್ತಿ ನಿಲ್ಲುವ ಮೊದಲೇ ನಾನು ಹಾರಿ ಇಳಿದೆ. ಸಾಹುಕಾರರು, ಮಗಳು ಗುಡಿಯೊಳಗಿದ್ದರು. ಅವರ ಡ್ರೈವರು ಗಾಜು ಒರೆಸುತ್ತಿದ್ದ.

"ಏನ್ ಮೇಸ್ತ್ರೀ, ನೀವೂ ಹರಕೆ ಹೊತ್ತಿದ್ರಾ?"

ನಾನು ಹಿಂದಿನ ಬಲಗಡೆಯ ವೀಲ್ ಕಪ್ ಕಿತ್ತೆ. ಐದೂ ಗಟ್ಟಿ. ಎಡಗಡೆಯದಕ್ಕೆ ಬಂದು ಕಿತ್ತೆ. ಕಪ್ಪಿನೊಳಗಿಂದ ಒಂದು ನಟ್ಟು ಉರುಳಿ ನನ್ನ ಪಾದದ ಮೇಲೆ ಬಿತ್ತು.

ಒರೆಸುತ್ತಿದ್ದ ಬಟ್ಟೆ ಡ್ರೈವರನ ಕೈಯಲ್ಲೇ ಉಳಿಯಿತು. "ಅಯ್ಯಯ್ಯೋ! ಬೆಳಿಗ್ಗೆಯಿಂದ ಗಲಗಲ ಅಂತಿತ್ತು ಕಣ್ರೀ. ಕೂಸಿನ ಗಿಲಕಿ ಅಂದ್ಕೊಂಡು ಓಡಿಸ್ತಿದ್ದೆ!"

ಇನ್ನೆರಡು ನಟ್ಟು ಬೆರಳಿಗೇ ತಿರುಗುತ್ತಿದ್ದವು. ಮೂರೂ ಒಂದೇ ಚಕ್ರದಲ್ಲಿ ಬಿದ್ದಿದ್ದವು. ಆ ಚಕ್ರದ ಮೇಲೆ, ಎಡಗಡೆಯ ಸೀಟಿನಲ್ಲಿ, ಕೂಸಿನ ಹಾಸುಗೆ ಹಾಸಿತ್ತು.

ಕಾರಿನದೇ ಜಾಕಿ, ಸ್ಪ್ಯಾನರು ತೆಗೆದು ಕೂತೆ. ಸಡಿಲವಾಗಿದ್ದ ಎರಡನ್ನೂ ಬಿಚ್ಚಿ ತೆಗೆದೆ. ಜೇಬಿನ ಮೂರು ನಟ್ಟಿನಲ್ಲಿ ಎರಡು ಬೆರಳಲ್ಲಿ ಮೂರು ಸುತ್ತು ಹೋದವು, ಆಮೇಲೆ ಸ್ಪ್ಯಾನರಿಗೆ ಬಿಗಿಯಾಗಿ ನಿಂತವು. ಮೂರನೆಯದು ಸುತ್ತಿದಷ್ಟೂ ಸುತ್ತುತ್ತಲೇ ಇತ್ತು. ದೊಡ್ಡ ನಟ್ಟು ಬಿಚ್ಚಿಕೊಳ್ಳುವಾಗ ಆ ಬೋಲ್ಟಿನ ಥ್ರೆಡ್ಡನ್ನೇ ತಿಂದುಹಾಕಿತ್ತು. ಐದರಲ್ಲಿ ನಾಲ್ಕು. ಆ ನಾಲ್ಕರಲ್ಲೂ ಎರಡು ಇಷ್ಟು ದೂರ ಪೂರ್ತಿ ಭಾರ ಹೊತ್ತು ಬಂದವು. ಅವುಗಳ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು.

ಡ್ರೈವರು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ. "ಆಯ್ತಲ್ಲ ಮೇಸ್ತ್ರೀ. ಮುಚ್ಚಳ ಹಾಕ್ಬಿಡಿ. ಅವ್ರಿಗೆ ಯಾಕೆ? ಸದ್ದು ಕೇಳಿನೂ ನಿಲ್ಲಿಸಲಿಲ್ಲ ಅಂದ್ರೆ ನನ್ನ ಕೆಲಸಾನೂ ಹೋಗ್ತದೆ, ನಿಮ್ಮ ಹೆಸರೂ ಹೋಗ್ತದೆ. ನಿಧಾನಕ್ಕೆ ಹೊಡ್ಕೊಂಡು ಹೋಗ್ತೀನಿ."

ಮುಚ್ಚಳ ನನ್ನ ಕೈಯಲ್ಲೇ ಇತ್ತು. ಒಂದು ಗುದ್ದು ಗುದ್ದಿದ್ದರೆ ಮುಗಿಯುತ್ತಿತ್ತು. ನಾಲ್ಕು ನಟ್ಟಿನಲ್ಲಿ ಗಾಡಿಗಳು ಎಷ್ಟೋ ಮೈಲಿ ಓಡುತ್ತವೆ, ನನಗೇ ಗೊತ್ತು. ಗುದ್ದಲು ಕೈ ಎತ್ತಿದೆ ಕೂಡ.

ಅಷ್ಟರಲ್ಲಿ ಗುಡಿಯ ಮೆಟ್ಟಿಲಿಂದ ಸಾಹುಕಾರರು ಇಳಿದು ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಾಯಿಹೋಳು. ಹಿಂದೆ ಮಗಳು, ಸೆರಗಿನೊಳಗೆ ಕೂಸು.

"ಇದೇನೋ ಇಲ್ಲಿ? ಕಡೂರಿಂದ ಇಲ್ಲಿವರ್ಗೂ ಬಂದಿದೀಯ?" ಎಂದರು. ಜಾಕಿ ನೋಡಿದರು. ಡ್ರೈವರನ ಮುಖ ನೋಡಿದರು.

ನಾನು ಎದ್ದು ನಿಂತೆ. ಎಲ್ಲಾ ಹೇಳಿದೆ, ಬಾನಿಯಿಂದ ಹಿಡಿದು. ಫಿಟ್ಟರನ ಮಾತನ್ನು ತುಂಡು ಮಾಡಿದ್ದನ್ನೂ ಹೇಳಿದೆ. ನಿನ್ನೆ ಸಂಜೆಯೇ ತಿಳಿದಿತ್ತು ಎಂಬುದನ್ನೂ ಹೇಳಿದೆ. ಅದನ್ನು ಹೇಳುವಾಗ ನೆಲ ನೋಡುತ್ತಿದ್ದೆ. ಸದ್ದಿನ ವಿಷಯ ಮಾತ್ರ ಎತ್ತಲಿಲ್ಲ.

ಸಾಹುಕಾರರು ಕಾಯಿಹೋಳನ್ನು ಬಾನೆಟ್ಟಿನ ಮೇಲಿಟ್ಟರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು. "ನಿನ್ನೆ ಸಂಜೆನೇ ಗೊತ್ತಿತ್ತಾ?"

"ಹೂಂ ಸಾಹುಕಾರ್ರೆ."

"ಗೊತ್ತಿದ್ದೂ ಉಂಡು ಮಲಗ್ದೆ."

"ಮಲಗ್ಲಿಲ್ಲ," ಎಂದೆ.

ಅವರ ಮಗಳು ಮುಂದೆ ಬಂದಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. "ಅಣ್ಣಾ, ಈಗ ಸರಿಹೋಯ್ತಾ?"

ನನ್ನ ಹುಟ್ಟಿನಲ್ಲಿ ಆ ಪ್ರಶ್ನೆಗೆ ನಾನು ಕೊಟ್ಟಿದ್ದು ಒಂದೇ ಉತ್ತರ. 'ನಾನು ಕೈ ಹಾಕಿದ್ಮೇಲೆ ಸರಿಹೋಯ್ತು ಅಂತಲೇ ತಿಳ್ಕೊಳಿ.' ಆ ಮಾತು ಗಂಟಲವರೆಗೆ ಬಂತು.

"ನಾಲ್ಕು ಸರಿ ಇದಾವೆ ತಾಯಿ."

"ನಾಲ್ಕು, ಐದು ನಂಗೆ ತಿಳಿಯಲ್ಲ. ನಿಮ್ಮನೆ ಕೂಸಾಗಿದ್ರೆ ಕೂರಿಸ್ತಿದ್ರಾ?"

ಕೂಸು ಸೆರಗಿನಿಂದ ಒಂದು ಕಾಲು ಹೊರಗೆ ಹಾಕಿ ಆಡಿಸುತ್ತಿತ್ತು. ಹೆಬ್ಬೆರಳಿನಷ್ಟು ಪಾದ.

"ಇಲ್ಲ ಕಣಮ್ಮ," ಎಂದೆ. "ಕೂರಿಸ್ತಿರ್ಲಿಲ್ಲ."

ಅವಳು ತಂದೆಯ ಕಡೆ ನೋಡಲೂ ಇಲ್ಲ. ನೇರ ಲಾರಿಯ ಹತ್ತಿರ ಹೋಗಿ ನಿಂತಳು. "ಇದ್ರ ಚಕ್ರ ನೆಟ್ಟಗಿದಾವಾ?"

"ಇವ್ನ ಕೈಗೆ ಕೊಡ್ದೆ ಆರು ತಿಂಗಳಾಯ್ತು ಕಣ್ರವ್ವ, ಗಟ್ಟಿಯಾಗವೆ," ಎಂದ ನನ್ನ ಲಾರಿ ಗೆಳೆಯ. ನಗಬೇಕಾದ ಮಾತಿಗೆ ಅಲ್ಲಿ ಯಾರೂ ನಗಲಿಲ್ಲ. ಅವನು ತನ್ನ ಹೊಸ ಶಲ್ಯವನ್ನು ಕ್ಯಾಬಿನ್ನಿನ ಸೀಟಿಗೆ ಹಾಸಿದ. ಹೂವಿನ ಹಾರಗಳ ನಡುವೆ ಅವಳು ಕೂಸನ್ನು ಎತ್ತಿಕೊಂಡು ಹತ್ತಿ ಕೂತಳು.

"ನಾನು ಕಾರಲ್ಲೇ ಬತ್ತೀನಿ," ಎಂದರು ಸಾಹುಕಾರರು. ಮುಂದಿನ ಬಾಗಿಲು ತೆಗೆದು ಕೂತು, ತಿರುಗದೆಯೇ ಹೇಳಿದರು. "ನೀನು ಹಿಂದೆ ಕೂತ್ಕೋ. ಆ ಕಡೆ."

ಆ ಕಡೆ ಎಂದರೆ ಎಡಗಡೆ. ಕೂಸಿನ ಹಾಸುಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಕೂತೆ. ಅಷ್ಟು ಮೆತ್ತನೆಯ ಸೀಟಿನಲ್ಲಿ ಅದುವರೆಗೆ ನಾನು ಕೂತಿರಲಿಲ್ಲ. ಎಣ್ಣೆ ಮೈಯವರು ಕೂರುವಂಥದ್ದಲ್ಲ ಅದು. ಲಾರಿ ಮುಂದೆ, ಕಾರು ಹಿಂದೆ, ಎತ್ತಿನ ಗಾಡಿಯ ವೇಗದಲ್ಲಿ ಹೊರಟೆವು. ಎಷ್ಟು ದೇಶದವರು ಕೂಡಿ ಮಾಡಿದ ಗಾಡಿ! ಅದರಲ್ಲಿ ಎಲ್ಲವೂ ನುಣ್ಣಗೆ, ಸದ್ದಿಲ್ಲದೆ ನಡೆಯುತ್ತಿತ್ತು. ನನ್ನ ಸೀಟಿನ ಕೆಳಗಿನ ಒಂದು ಜಾಗದಲ್ಲಿ ಮಾತ್ರ ನನ್ನ ಕೈಕೆಲಸ ಇತ್ತು, ಅದರ ಮೇಲೆ ನಾನು ಕೂತಿದ್ದೆ. ಒಂದು ಕಲ್ಲು ಸಿಡಿದರೂ ಕಿಟಕಿಯಿಂದ ತಲೆ ಹೊರಹಾಕಿ ಚಕ್ರ ನೋಡುತ್ತಿದ್ದೆ. ಮೋರಿ ದಾಟುವಾಗ ಸಾಹುಕಾರರು ಬಾಗಿಲಿನ ಹಿಡಿ ಹಿಡಿದುಕೊಳ್ಳುತ್ತಿದ್ದರು. ಅವರಿಗೂ ಹೆದರಿಕೆ ಇತ್ತೆಂದು ಅದರಿಂದ ತಿಳಿಯಿತು.

ಅಜ್ಜಂಪುರದ ರೈಲ್ವೆ ಗೇಟು ಹಾಕಿತ್ತು. ಲಾರಿ ನಿಂತಿತು, ನಾವೂ ನಿಂತೆವು.

"ಇಳಿದು ನೋಡು," ಎಂದರು ಸಾಹುಕಾರರು.

ಇಳಿದೆ. ಮುಚ್ಚಳ ತೆಗೆದು ಒಂದೊಂದನ್ನೇ ಬೆರಳಲ್ಲಿ ಹಿಡಿದು, ಆಮೇಲೆ ಸ್ಪ್ಯಾನರು ಹಾಕಿ ನೋಡಿದೆ. ಬೋಲ್ಟಿಗೆ ಕೈ ಇಟ್ಟರೆ ಬಿಸಿ. ರೈಲು ಬರುವ ಸದ್ದಿಗೆ ಲಾರಿಯ ಕಿಟಕಿಯಿಂದ ಎರಡು ಕೈ ಹೊರಗೆ ಬಂದು ಕೂಸನ್ನು ಎತ್ತಿ ಹಿಡಿದವು, ರೈಲು ತೋರಿಸಲು.

"ಎಷ್ಟು?" ಎಂದರು ಸಾಹುಕಾರರು ಕಿಟಕಿಯಿಂದ.

"ಮೂರು," ಎಂದೆ. "ನಾಲ್ಕರಲ್ಲಿ ಇನ್ನೊಂದು ಸಡಿಲ ಆಗಿದೆ. ಗಾಡಿ ಇಲ್ಲೇ ನಿಲ್ಲಿಸಿ, ಉಳಿದ ದಾರಿ ನಡ್ಕೊಂಡ್ ಹೋಗಿ ಸಾಹುಕಾರ್ರೆ."

ಅವರು ಇಳಿದರು. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ಗೇಟು ತೆಗೆಯುವುದನ್ನು ಕಾಯುತ್ತಾ ನನ್ನ ಪಕ್ಕದಲ್ಲಿ ನಿಂತರು.